ಸೋನೆ ಮಡಿಯಾದಳು

ಅನಘಾ, ಪ್ರಣವ, ಈ ದಸರೆ ರಜೆಯಲ್ಲಿ ನೀವಿಬ್ಬರೂ ಮುನಿಸಿಕೊಂಡು ಊಟ ಬಿಟ್ಟಿರಲ್ಲ, ಆಗ ನಾನು ಅದೇ ಕೋಣೆಯ ಮೂಲೆಯಲ್ಲಿ ಕೂತು ಮೆಂತೆ ಪಲ್ಲೆಯ ಎಲೆ ಬಿಡಿಸಿ ಸೋಸುತ್ತಿದ್ದೆ. ನೀವು ಸಾಲಾಗಿ ಓದಿ ಮುಗಿಸಿದ್ದ ಆ ಮಾಯಾಲೋಕದ ಪುಸ್ತಕಗಳನ್ನು ಯಾರೋ ಧಾರಾವಾಹಿ ಮಾಡಿದ್ದರು. ಪುಸ್ತಕದಲ್ಲಿ ಕೊನೆಯ ಪುಟದವರೆಗೂ ಬದುಕಿರುವ ಹುಡುಗಿಯನ್ನು ಅವರು ನಡುವೆಯೇ ಕೊಂದುಹಾಕಿದ್ದರು. ಅನಘಾ ರಿಮೋಟನ್ನು ಹಾಸಿಗೆಯ ಮೇಲೆ ಎಸೆದಳು.

"ಪುಸ್ತಕದಾಗ ಆಕಿ ಸಾಯೂದೇ ಇಲ್ಲ! ಕೊಲ್ಲಲಿಕ್ಕೆ ಇವರ್ಯಾರು?"

"ಕಥಿಯೊಳಗಿನಾಕಿ ಸತ್ತರ ನಮ್ಮನಿಯೊಳಗ ಉಣ್ಣಬಾರದೇನು? ಏಳ್ರಿ, ತಾಟು ಹಾಕ್ಯದ" ಎಂದ ನಿಮ್ಮಪ್ಪ.

"ನಿಮಗ ತಿಳಿಯೂದಿಲ್ಲಪ್ಪಾ" ಎಂದು ಪ್ರಣವ ಮುಸುಕು ಹಾಕಿಕೊಂಡ. "ಈ ಮನಿಯೊಳಗ ಯಾರಿಗೂ ತಿಳಿಯೂದಿಲ್ಲ."

ನನಗೆ ತಿಳಿಯುತ್ತಿತ್ತು ಮಗಾ. ಆದರೆ ನಾಲ್ಕು ಜನರ ನಡುವೆ ಬಾಯಿ ತೆರೆಯುವುದು ನನಗೆ ಎಂದೂ ಬಂದಿಲ್ಲ. ನಿಮ್ಮ ಅಜ್ಜ ಇದ್ದಾಗ ನನ್ನ ಮುಖ ನೋಡಿ, "ಇಕಿ ಏನೋ ಹೇಳಬೇಕಂತಾಳ, ಸುಮ್ನಿರ್ರಿ" ಅಂತ ಎಲ್ಲರನ್ನೂ ಸುಮ್ಮನಾಗಿಸುತ್ತಿದ್ದರು. ಈಗ ಹಾಗೆ ನನ್ನ ಮುಖ ನೋಡುವವರಿಲ್ಲ. ಹಾನಗಲ್ಲಿನ ಈ ಮನೆಯಲ್ಲಿ ನೀವೆಲ್ಲ ಶಾಲೆಗೆ, ಕೆಲಸಕ್ಕೆ ಹೋದ ಮೇಲೆ ಬೇಕಾದಷ್ಟು ಹೊತ್ತು ಇರುತ್ತದೆ. ಅದಕ್ಕೆ ಬರೆಯುತ್ತಿದ್ದೇನೆ. ನಾನೂ ಒಂದು ಮಾಯಾಲೋಕದ ಕಥೆಗೆ ಅಂಟಿಕೊಂಡು ಬೆಳೆದವಳು. ನನಗಿಂತ ಹೆಚ್ಚು ಅಂಟಿಕೊಂಡವಳು ನನ್ನ ಅವ್ವ.

ಹಿರೇಬೆಂಡಿಗೇರಿಯ ನಮ್ಮ ಮನೆ ದೊಡ್ಡದೇನಲ್ಲ. ಮುಂದೆ ಪಡಸಾಲೆ, ಅದರ ಹಿಂದೆ ಹಗಲಲ್ಲೂ ಅರೆಗತ್ತಲಿರುವ ನಡುಮನೆ, ಅದರ ಎಡಕ್ಕೆ ದೇವರಕೋಣೆ, ತುದಿಯಲ್ಲಿ ಅಡಿಗೆಮನೆ. ಅಡಿಗೆಮನೆಯ ಹೊಸ್ತಿಲು ನನ್ನ ಮೊಳಕಾಲಿನಷ್ಟು ಎತ್ತರ. ನಡುವೆ ಸವೆದು ತಗ್ಗಾಗಿತ್ತು. ಅದನ್ನು ದಾಟಲು ನನಗೆ ಅಪ್ಪಣೆ ಇರಲಿಲ್ಲ. ನಮ್ಮದು ವೈಷ್ಣವರ ಮನೆ, ಮಡಿ ಬಲು ಬಿಗಿ. ಅವ್ವ ನಸುಕಿನಲ್ಲೇ ಬಾವಿಯ ನೀರು ಸುರಿದುಕೊಂಡು, ಗಳದ ಮೇಲೆ ಯಾರ ಕೈಗೂ ಎಟುಕದಂತೆ ಒಣಹಾಕಿದ ಸೀರೆಯನ್ನು ಕೋಲಿನಿಂದ ಇಳಿಸಿಕೊಂಡು ಉಟ್ಟು ಒಳಗೆ ಹೋದಳೆಂದರೆ, ಅಡಿಗೆ ಮುಗಿದು, ದೇವರಿಗೆ ನೈವೇದ್ಯವಾಗಿ, ಎಲ್ಲರ ಊಟವಾಗುವ ತನಕ ಅವಳನ್ನು ಮುಟ್ಟುವಂತಿಲ್ಲ. ಮುಟ್ಟಿದರೆ ಅವಳು ಮತ್ತೆ ಸ್ನಾನ ಮಾಡಬೇಕು, ಮಾಡಿದ ಅಡಿಗೆ ದೇವರಿಗೆ ಸಲ್ಲುವುದಿಲ್ಲ, ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಹಬ್ಬದ ದಿನಗಳಲ್ಲಂತೂ ಸಂಜೆಯವರೆಗೂ ಅವಳು ನಮ್ಮವಳಲ್ಲ. ಎದುರಿಗೇ ಇರುತ್ತಿದ್ದಳು, ಮಾತಾಡುತ್ತಿದ್ದಳು, ನಗುತ್ತಿದ್ದಳು. ಬಿದ್ದು ಮಂಡಿ ಕೆತ್ತಿಸಿಕೊಂಡು ಅಳುತ್ತ ಹೋದರೆ ಮಾತ್ರ, "ಅಲ್ಲೇ ನಿಂದ್ರು, ಅಲ್ಲೇ ನಿಂದ್ರು" ಎಂದು ಒಲೆಯ ಆಚೆಗೆ ಸರಿಯುತ್ತಿದ್ದಳು. ನಾನು ಹೊಸ್ತಿಲಲ್ಲಿ ನಿಂತು ಅತ್ತು ಮುಗಿಸುತ್ತಿದ್ದೆ. ಅವಳು ಅಲ್ಲಿಂದಲೇ ಬಾಯಿಂದ ಉಫ್ ಉಫ್ ಎಂದು ಗಾಳಿ ಊದುತ್ತಿದ್ದಳು. ಆ ಗಾಳಿ ನನ್ನ ಮಂಡಿಯವರೆಗೆ ಬರುತ್ತಿರಲಿಲ್ಲ. ಬಂತೆಂದು ನಾನು ಅಂದುಕೊಳ್ಳುತ್ತಿದ್ದೆ.

ಅಪ್ಪ ತಡಸದ ದವಾಖಾನೆಯಲ್ಲಿ ಕಂಪೌಂಡರ್. ಬೆಳಗ್ಗೆ ಸೈಕಲ್ ತುಳಿದು ಹೋದರೆ ಮಧ್ಯಾಹ್ನ ಬಂದು, ಸ್ನಾನ ಮಾಡಿ, ಪೂಜೆಗೆ ಕೂರುತ್ತಿದ್ದ. ಮಾತು ಕಡಿಮೆ. ನನ್ನ ಮೌನ ಅವನದೇ ಇರಬೇಕು. ಮನೆಯಲ್ಲಿ ನಡೆಯುತ್ತಿದ್ದದ್ದು ಅಜ್ಜಿಯ ಮಾತು. ಅಪ್ಪನ ತಾಯಿ ಆಕೆ. ಕಣ್ಣು ಮಂಜಾಗಿ ಅಡಿಗೆಯನ್ನು ಅವ್ವನಿಗೆ ಬಿಟ್ಟಿದ್ದಳು. ಮಡಿಯ ಕಾವಲನ್ನು ಮಾತ್ರ ಬಿಟ್ಟಿರಲಿಲ್ಲ. ನಡುಮನೆಯ ಗೋಡೆಗೆ ಒರಗಿ ಕೂತು, ಹತ್ತಿ ಹಿಂಜುತ್ತ, ಕಿವಿಯಿಂದಲೇ ಎಲ್ಲವನ್ನೂ ಹಿಡಿಯುತ್ತಿದ್ದಳು. ಬೆಕ್ಕು ಹೊಸ್ತಿಲ ಹತ್ತಿರ ಸುಳಿದರೂ ಗೊತ್ತಾಗುತ್ತಿತ್ತು. ಇಂಥ ಅಜ್ಜಿ, ಮಡಿಯ ಅಡಿಗೆಮನೆಯ ಬಾಗಿಲಲ್ಲಿ ಕಾದಂಬರಿ ಓದಲು ಹೇಗೆ ಬಿಟ್ಟಳೆಂದು ಆಗ ನಾನು ಕೇಳಿಕೊಳ್ಳಲಿಲ್ಲ.

ಕಾದಂಬರಿ ಬರುತ್ತಿದ್ದದ್ದು ಸವಣೂರಿನಿಂದ. ಅವ್ವನ ತಮ್ಮ, ನನ್ನ ಮಾಮಾ, ಅಲ್ಲಿ ಇರುತ್ತಿದ್ದ. ಬಂದಾಗಲೆಲ್ಲ ಕೈಚೀಲದಲ್ಲಿ ದೇವರ ಪೂಜೆಗೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ವೀಳ್ಯದೆಲೆ, ನನಗೆ ತಿನ್ನಲು ಸವಣೂರಿನ ಖಾರ, ಅವ್ವನಿಗೆ ಒಂದು ತೆಳ್ಳನೆಯ ಪುಸ್ತಕ. ಖಾರದ ಪೊಟ್ಟಣದ ಎಣ್ಣೆ ಇಳಿದು ಪುಸ್ತಕದ ಅಂಚು ಯಾವಾಗಲೂ ಪಾರದರ್ಶಕವಾಗಿರುತ್ತಿತ್ತು. 'ಕರಿಹೊಳೆಯ ಆಚೆ' ಎಂದು ಅದರ ಹೆಸರು. ಭಾಗ ಭಾಗವಾಗಿ ಬರುತ್ತಿತ್ತು. ಒಂದು ಭಾಗ ಮುಗಿದ ಮೇಲೆ ಇನ್ನೊಂದಕ್ಕೆ ತಿಂಗಳುಗಟ್ಟಲೆ ಕಾಯಬೇಕು. ಅವ್ವ ನಾಲ್ಕನೆಯ ಇಯತ್ತೆಯವರೆಗೆ ಓದಿದವಳು, ತಾನೇ ಓದಬಲ್ಲಳು. ಆದರೆ ಮಡಿಯಲ್ಲಿ ಪುಸ್ತಕ ಮುಟ್ಟುವಂತಿಲ್ಲ, ಮಡಿ ಬಿಟ್ಟ ಮೇಲೆ ಕೂತಲ್ಲೇ ಅವಳಿಗೆ ತೂಕಡಿಕೆ. ಮೊದಲನೆಯ ಭಾಗ ಬಂದ ಮರುದಿನ ಅವಳಿಗೆ ತಡೆಯಲಾಗಲಿಲ್ಲ.

"ಪದ್ಮೀ, ಆ ಪುಸ್ತಕ ತಗೊಂಡು ಹೊಸ್ತಲದ ಆ ಕಡೆ ಕುಂದ್ರು. ದೊಡ್ಡಕ ಓದು."

"ನನಗ ಬರೂದಿಲ್ಲ."

"ಬರ್ತದ. ಕೂಡಿಸಿ ಕೂಡಿಸಿ ಓದು. ನಾ ಎಲ್ಲಿ ಹೊಂಟೇನಿ, ಕೇಳ್ತೇನಿ."

ಶಾಲೆಯಲ್ಲಿ ಮಾಸ್ತರರು ಎಬ್ಬಿಸಿ ನಿಲ್ಲಿಸಿದರೆ ನನ್ನ ನಾಲಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು. ಆ ಹೊಸ್ತಿಲಲ್ಲಿ ಮಾತ್ರ ನನಗೆ ಧ್ವನಿ ಬಂತು. ಒಲೆಯ ಕಡೆ ಮುಖ ಮಾಡಿ ನಿಂತ ಅವ್ವನ ಬೆನ್ನು ನೋಡುತ್ತ ಓದುತ್ತಿದ್ದೆ. ನನ್ನ ಅಕ್ಷರಗಳು ಹೊಸ್ತಿಲು ದಾಟಿ ಒಳಗೆ ಹೋಗುತ್ತಿದ್ದವು, ಅವಕ್ಕೆ ಮೈಲಿಗೆ ಇರಲಿಲ್ಲ. ನನ್ನಿಂದ ಅವಳನ್ನು ಮುಟ್ಟುವಂಥದ್ದು ಏನಾದರೂ ಇದೆಯೆಂದು ನನಗೆ ತಿಳಿದದ್ದು ಆಗಲೇ. ದಿನಾ ಬೆಳಗ್ಗೆ ಅವಲಕ್ಕಿ ತಿಂದು, ಶಾಲೆಯ ಗಂಟೆಯವರೆಗೆ ನಾನು ಓದಬೇಕು, ಅವ್ವ ಕೇಳಬೇಕು, ಬೇಡವೆಂದು ಮುಖ ತಿರುಗಿಸಿದ ಅಜ್ಜಿಯೂ ಕೇಳಬೇಕು.

ಆ ಕಥೆಯಲ್ಲಿ ಕರಿಹೊಳೆಯ ಆಚೆ ಸೂರ್ಯ ಹುಟ್ಟದ ಒಂದು ನಾಡಿತ್ತು. ಅದನ್ನು ಆಳುವವಳು ಕಾಡಿಗೆ ರಾಣಿ. ಬೆಳಕನ್ನು ಬಿಡಿಸಿ ತರಲು ಹೊರಟವನು ಧವಳನೆಂಬ ರಾಜಕುಮಾರ. ಅವನನ್ನು ನಾವು ಯಾರೂ ಅಷ್ಟು ಹಚ್ಚಿಕೊಳ್ಳಲಿಲ್ಲ. ನಮಗೆ ಬೇಕಾದವಳು ಅವನ ಜೊತೆಗೆ ನಡೆಯುವ ಸೋನೆ. ಕುರುಡ ತಮ್ಮನಿಗೆ ಕಣ್ಣು ಬರಲೆಂದು ತನ್ನ ನೆರಳನ್ನೇ ರಾಣಿಗೆ ಕೊಟ್ಟುಬಿಟ್ಟ ಪುಟ್ಟ ಹುಡುಗಿ. ನೆರಳಿಲ್ಲದ್ದರಿಂದ ಕಾವಲುಗಾರರ ಕಣ್ಣಿಗೆ ಬೀಳುತ್ತಿರಲಿಲ್ಲ. ದೊಡ್ಡವರಿಗೆ ಎದುರು ಮಾತಾಡುತ್ತಿದ್ದಳು. ಯಾವಾಗಲೂ ಹಸಿವು ಅವಳಿಗೆ. ಯಾರ ಮನೆಯ ಮುಂದೆ ನಿಂತರೂ 'ತಾಯಿ, ಒಂದು ತುತ್ತು ಇದೆಯೇ?' ಎನ್ನುತ್ತಿದ್ದಳು. ಆ ಮಾತು ಬಂದಾಗಲೆಲ್ಲ ಅವ್ವ ಭಕ್ರಿ ಬಡಿಯುವುದನ್ನು ನಿಲ್ಲಿಸಿ, "ಅದ ಬಾ ನಮ್ಮವ್ವಾ" ಎನ್ನುತ್ತಿದ್ದಳು, ಸೋನೆ ಬಾಗಿಲಲ್ಲೇ ನಿಂತಿರುವಂತೆ.

"ರಾಣಿಯು ಕು-ಪಿ-ತ-ಳಾಗಿ ಗರ್ಜಿಸಿದಳು" ಎಂದು ನಾನು ಓದಿದರೆ ಅಜ್ಜಿ ನಡುಮನೆಯಿಂದ ಕೇಳುತ್ತಿದ್ದಳು:

"ಕುಪಿತ ಅಂದ್ರೇನ?"

"ಸಿಟ್ಟಿಗೆದ್ಲು ಅಂತ, ಅತ್ಯಾ" ಎನ್ನುತ್ತಿದ್ದಳು ಅವ್ವ.

"ಸಿಟ್ಟಿಗೆದ್ಲು ಅಂತ ಬರೀಲಿಕ್ಕೆ ಏನ ಧಾಡಿ ಅವಂಗ? ಹೂಂ, ಓದು. ನಾ ಏನ ಕೇಳ್ಲಿಕತ್ತಿಲ್ಲ. ಆ ಮುದುಕಿ ಹಾಲು ಕೊಟ್ಲೋ ಇಲ್ಲೋ?"

"ಕೊಟ್ಲು ಅಜ್ಜಿ. ವಿಷ ಹಾಕ್ಯಾಳ."

"ಅಯ್ಯ ಹುಚ್ಚಿ, ಕುಡೀಬ್ಯಾಡ, ಕುಡೀಬ್ಯಾಡ!" ಅವ್ವ ಸವಟು ಎತ್ತಿ ಸೋನೆಗೆ ಹೇಳುತ್ತಿದ್ದಳು. ಹುಳಿ ತಳ ಹಿಡಿದ ವಾಸನೆ ಮೊದಲು ಅಜ್ಜಿಗೇ ಬರುತ್ತಿತ್ತು.

ಮೂರನೆಯ ಭಾಗದ ಕೊನೆಯಲ್ಲಿ ಒಂದು ಸಾಲು ಬಂತು. ಇವತ್ತಿಗೂ ನನಗೆ ಅದು ಬಾಯಿಪಾಠ. 'ಕರಿಹೊಳೆಯ ನೀರಿನಲ್ಲಿ ಮಿಂದು ದಡಕ್ಕೆ ಬಂದ ಸೋನೆಯು ಬೆಂಕಿಯ ಗೆರೆಯ ಆಚೆ ಮಡಿದಳು. ಈಚೆ ನಿಂತ ಧವಳನು ಅವಳನ್ನು ಮುಟ್ಟಲಾರದೆ ಗೋಳಾಡಿದನು.' ಮಡಿಯುವುದು ಎಂದರೆ ಸಾಯುವುದು, ಅದು ಪುಸ್ತಕದ ಮಾತು. ನಮ್ಮ ಮನೆಯಲ್ಲಿ ಯಾರೂ ಮಡಿಯುತ್ತಿರಲಿಲ್ಲ. ಹೋಗುತ್ತಿದ್ದರು, ತೀರಿಕೊಳ್ಳುತ್ತಿದ್ದರು, ಸಾಯುತ್ತಿದ್ದರು. ನಮ್ಮಲ್ಲಿ ಮಡಿ ಎಂದರೆ ಒಂದೇ. ಹುಡುಗಿ ಹೊಳೆಯಲ್ಲಿ ಸ್ನಾನ ಮಾಡಿದ್ದಾಳೆ, ಬೆಂಕಿಯ ಹತ್ತಿರ ಇದ್ದಾಳೆ, ಈಚೆ ಇರುವವರು ಮುಟ್ಟುವಂತಿಲ್ಲ, ಮುಟ್ಟಲಾಗದೆ ಅಳುತ್ತಾರೆ. ಇದರಲ್ಲಿ ನನಗೆ ತಿಳಿಯದ್ದು ಏನೂ ಇರಲಿಲ್ಲ. ದಿನಾ ನೋಡುತ್ತಿದ್ದದ್ದೇ ಅದು.

ಅವ್ವನ ಕೈ ನಿಂತಿತು. ಒಲೆಯ ಮೇಲಿನ ಸಾರು ಉಕ್ಕಿ ಬೆಂಕಿಗೆ ಬಿತ್ತು. ಅವಳು ತಿರುಗಲಿಲ್ಲ.

"ಸೋನೀನೂ ಮಡಿ ಆದಳಲ್ಲವ್ವಾ?" ಎಂದೆ ನಾನು, ಖುಷಿಯಿಂದ. "ನಿನ್ನಂಗs."

ನಡುಮನೆಯಲ್ಲಿ ಅಜ್ಜಿಯ ಕೆಮ್ಮು ಕೇಳಿಸಿತು.

"ಹೂಂ" ಎಂದಳು ಅವ್ವ. "ಮಡಿ ಆದ್ಲು."

"ಯಾವಾಗ ಬಿಡ್ತಾಳ?"

"ಎಲ್ಲಾರದೂ ಊಟ ಆದಮ್ಯಾಲೆ."

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಹೊಗೆ ಎಂದುಕೊಂಡೆ.

ಮುಂದಿನ ಭಾಗ ಬಂತು, ಅದರ ಮುಂದಿನದೂ ಬಂತು. ಸೋನೆಯ ಸುದ್ದಿ ಇಲ್ಲ. ಧವಳ ಬೆಟ್ಟ ಹತ್ತಿದ, ಕಾಡಿಗೆ ರಾಣಿಯ ಏಳು ಬೆಕ್ಕುಗಳನ್ನು ಕೊಂದ, ಮಾತಾಡುವ ಕಲ್ಲನ್ನು ಒಲಿಸಿಕೊಂಡ. ನಾನು ಪುಟ ತಿರುವುವಾಗಲೆಲ್ಲ ಅವಳ ಹೆಸರಿನ 'ಸೋ' ಅಕ್ಷರವನ್ನು ಹುಡುಕುತ್ತಿದ್ದೆ. ಅದು ಸೋಪಾನ ಆಗುತ್ತಿತ್ತು, ಸೋಜಿಗ ಆಗುತ್ತಿತ್ತು, ಸೋನೆ ಆಗುತ್ತಿರಲಿಲ್ಲ. "ಇನ್ನೂ ಮಡಿಯೊಳಗ ಅದಾಳೇನು?" ಎಂದು ಕೇಳುತ್ತಿದ್ದೆ. "ಇನ್ನೂ ಅದಾಳ" ಎನ್ನುತ್ತಿದ್ದಳು ಅವ್ವ. ಇಷ್ಟು ದೊಡ್ಡ ಮಡಿ ಯಾವ ದೇವರದಿರಬಹುದೆಂದು ನಾನು ಶಾಲೆಯ ದಾರಿಯಲ್ಲಿ ಯೋಚಿಸುತ್ತಿದ್ದೆ.

ಕೊನೆಯ ಭಾಗ ಇನ್ನೂ ಬರಬೇಕಿತ್ತು. ಅಷ್ಟರಲ್ಲಿ ಸವಣೂರಿಗೆ ನಾಟಕದ ಕಂಪನಿಯೊಂದು ಬಂದು ತಗಡಿನ ಥಿಯೇಟರು ಹಾಕಿತು. 'ಕರಿಹೊಳೆಯ ಆಚೆ'ಯನ್ನೇ ಆಡುತ್ತಾರೆಂದು ಮಾಮಾ ಹೇಳಿಕಳಿಸಿದ. ಅವ್ವ ಎಲ್ಲಿಗಾದರೂ ಹೋಗುತ್ತೇನೆಂದು ಬಾಯಿಬಿಟ್ಟು ಕೇಳಿದ್ದು ನಾನು ಕಂಡಂತೆ ಅದೊಂದೇ ಸಲ. ಅಪ್ಪ ಅಜ್ಜಿಯ ಕಡೆ ನೋಡಿದ. "ಹೋಗಿಬರಲಿ ಬಿಡೋ. ಎರಡ ದಿನ ನಾ ಅನ್ನಾ ಸಾರು ಮಾಡಿ ಹಾಕ್ತೇನಿ. ಕಣ್ಣು ಕಾಣದಿದ್ರ ಏನಾತು, ಕೈಗೆ ಗೊತ್ತದ" ಎಂದಳು ಅಜ್ಜಿ.

ಭಾನುವಾರ ಮಧ್ಯಾಹ್ನದ ಆಟ. ತಗಡು ಕಾದು ಒಳಗೆ ಧಗೆ. ಹೆಂಗಸರ ಕಡೆ ಚಾಪೆಯ ಮೇಲೆ ನಾನು, ಅವ್ವ, ನಮ್ಮ ಪಕ್ಕದಲ್ಲಿ ಎಲೆ ತೋಟದ ಸಾಬರ ಮನೆಯ ಒಬ್ಬ ಹೆಂಗಸು, ಮಡಿಲಲ್ಲಿ ಮಗು. ಕರಿಹೊಳೆ ಎಂದರೆ ಇಬ್ಬರು ಆ ಕಡೆ ಈ ಕಡೆ ಹಿಡಿದು ಅಲ್ಲಾಡಿಸುವ ನೀಲಿ ಬಟ್ಟೆ. ನೆರಳು ಎಂದರೆ ಸೋನೆ ಹೊದ್ದಿದ್ದ ಕರಿ ಕಂಬಳಿ. ಕಾಡಿಗೆ ರಾಣಿ ಅದನ್ನು ಕಿತ್ತುಕೊಂಡು ತಾನೇ ಹೊದ್ದುಕೊಂಡಳು. ಸೋನೆಯ ಪಾತ್ರದವಳು ಅವ್ವನಿಗಿಂತ ದೊಡ್ಡವಳು, ತೋಳು ತುಂಬಿ ಬಳೆ.

"ಇಕಿ ಸೋನೇನ?" ಅವ್ವ ನನ್ನ ಕಿವಿಯಲ್ಲಿ ಸಿಡುಕಿದಳು. "ಹಸದ ಹುಡುಗಿ ಹಿಂಗಿರ್ತದೇನು? ಎರಡ ಹೊತ್ತು ಹೋಳಿಗಿ ಉಂಡಾಕಿ ಇದ್ದಂಗದಾಳ."

ಅಷ್ಟು ಅಂದವಳು, ಆ ದಪ್ಪ ಹೆಂಗಸು 'ತಾಯೀ, ಒಂದು ತುತ್ತು' ಎಂದು ಕೈಯೊಡ್ಡಿದೊಡನೆ ಮೆತ್ತಗಾಗಿಬಿಟ್ಟಳು. ಎರಡನೆಯ ಅಂಕದ ಕೊನೆಗೆ ಸೋನೆ ಕೆಂಪು ಕಾಗದದ ಬೆಂಕಿಯ ಆಚೆ ಬಿದ್ದಳು. ಧವಳ ಎದೆ ಬಡಿದುಕೊಂಡು, "ಸತ್ತಳು! ಸೋನೆ ಸತ್ತಳು!" ಎಂದು ಕೂಗಿದ. ನಾನು ಅವ್ವನ ಕೈ ಜಗ್ಗಿದೆ.

"ಸುಳ್ಳು ಹೇಳ್ತಾನವ್ವಾ. ಆಕಿ ಮಡಿ ಆಗ್ಯಾಳಲ್ಲ?"

ಅವ್ವ ಬಾಯಿಗೆ ಸೆರಗು ಒತ್ತಿಕೊಂಡು ಅಳುತ್ತಿದ್ದಳು. ಎಲೆ ತೋಟದ ಹೆಂಗಸು ಅವಳ ಬೆನ್ನ ಮೇಲೆ ಕೈಯಿಟ್ಟಳು.

"ಅಳಬ್ಯಾಡ್ರೀ ಬಾಯಾರ. ಮುಂದಿನ ಅಂಕದಾಗ ಎದ್ದು ಬರ್ತಾಳ್ರಿ. ಇದು ನಾ ಮೂರನೇ ಸಲ ನೋಡಾಕತ್ತೇನಿ."

ಅವಳು ಹೇಳಿದಂತೆಯೇ ಆಯಿತು. ಬೆಳಕು ಬಿಡುಗಡೆಯಾದಾಗ ಒಂದು ಹಾಡು ಮೊದಲಾಗಿ, ಬೆಂಕಿಯ ಆಚೆಯಿಂದ ಸೋನೆ ಎದ್ದು ನಡೆದುಬಂದಳು. ಜನ ಸೀಟಿ ಹೊಡೆದರು, ರೊಕ್ಕ ತೂರಿದರು. ನಾನು ಎದ್ದು ನಿಂತು ಕುಣಿದೆ. ಮಡಿ ಬಿಟ್ಟಳು ಅಂದುಕೊಂಡೆ. ಅವ್ವ ಕುಣಿಯಲಿಲ್ಲ, ಈಗ ಅಳಲೂ ಇಲ್ಲ. ಕುತ್ತಿಗೆ ಮುಂದೆ ಚಾಚಿ, ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಅಂಥ ಮುಖವನ್ನು ನಾನು ಅವಳಲ್ಲಿ ಅದುವರೆಗೆ ಕಂಡಿರಲಿಲ್ಲ.

ಹೊರಗೆ ಬಂದಾಗ ಮಾಮಾ ನಗುತ್ತ ಹೇಳಿದ:

"ಪುಸ್ತಕದಾಗ ಆಕಿ ಸತ್ತೇ ಹೋಗ್ಯಾಳಲ್ಲ ಅಕ್ಕಾ. ಇವರೂ ಮೊದಲಿನ ಆಟದಾಗ ಎಬ್ಬಿಸಿರಲಿಲ್ಲಂತ. ಜನ ಕುರ್ಚಿ ಎತ್ತಿ ಒಗದಾರ. ಕುರ್ಚಿ ಉಳಸ್ಕೊಳ್ಳಿಕ್ಕೆ ಸತ್ತಾಕಿನ್ನ ಎಬ್ಬಿಸ್ಯಾರ."

"ಹಂಗೆಲ್ಲ ಮನಸಿಗೆ ಬಂದಂಗ ಮಾಡ್ಲಿಕ್ಕೆ ಬರ್ತದೇನು?" ಎಂದಳು ಅವ್ವ. "ಬರದವರನ್ನ ಕೇಳಿರ್ತಾರ. ಕೊನೀ ಭಾಗದೊಳಗ ಬರ್ತಾಳ. ಅದಕ್ಕs ಇವರು ತೋರಿಸ್ಯಾರ."

"ಅಕ್ಕಾ, ನಾ ಹೇಳ್ಲಿಕತ್ತಿದ್ದು..."

"ನೀ ಸುಮ್ನಿರು. ಪುಸ್ತಕ ಬಂದ ಕೂಡ್ಲೇ ಕಳಿಸು."

ಊರಿಗೆ ಮರಳಿದ ಮೇಲೆ, ಅವ್ವ ಬಾವಿಯ ಕಡೆ ಹೋದಾಗ, ನಾನು ಅಜ್ಜಿಗೆ ನಾಟಕವನ್ನೆಲ್ಲ ಹೇಳಿದೆ. ಅಜ್ಜಿ ಹಿತ್ತಲ ಕಟ್ಟೆಯ ಮೇಲೆ ಕೂತು ಹೂಬತ್ತಿ ಹೊಸೆಯುತ್ತಿದ್ದಳು. ಧವಳ ಸುಳ್ಳು ಹೇಳಿದ್ದನ್ನೂ ಹೇಳಿದೆ, ಮಾಮಾ ಅಂದದ್ದನ್ನೂ ಹೇಳಿದೆ. ಅಜ್ಜಿ ಬತ್ತಿಯನ್ನು ಕೆಳಗಿಟ್ಟಳು.

"ಸುಳ್ಳಲ್ಲ ಪದ್ಮಿ. ಮಡಿದಳು ಅಂದ್ರ ಸತ್ಲು ಅಂತನೇ ಅರ್ಥ. ನಿಮ್ಮವ್ವಗ ಅವತ್ತೇ ಗೊತ್ತು. ನನಗೂ ಗೊತ್ತು. ನೀ ಸಣ್ಣಾಕಿ ಅಂತ ಬಿಟ್ವಿ."

"ಮತ್ತ ಅವ್ವ, ಬರ್ತಾಳ ಅಂತಾಳಲ್ಲ?"

ಅಜ್ಜಿಯ ಮಂಜುಗಣ್ಣು ಹಿತ್ತಲ ಬಾಗಿಲ ಕಡೆ ಹೊರಳಿತು. ಬಾವಿಯ ಕಡೆಗೆ ಕಿವಿಗೊಟ್ಟು, ಅವ್ವ ಬರುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಧ್ವನಿ ಇಳಿಸಿ ಹೇಳಿದಳು. ಆ ಮಾತುಗಳನ್ನು ಆಕೆ ಹೇಳಿದ ಹಾಗೆಯೇ ಬರೆಯುತ್ತೇನೆ.

"ನಿನಗಿಂತ ಮೊದಲ ಒಬ್ಬಾಕಿ ಇದ್ಲು. ಸುಧಿ. ನೀ ಇನ್ನೂ ಹುಟ್ಟಿರಲಿಲ್ಲ. ಭಾಳ ಚೂಟಿ, ನನಗೂ ಎದುರಾಡ್ತಿದ್ಲು. ಜ್ವರ ಬಂದಿತ್ತು. ನಿಮ್ಮಪ್ಪ ಔಷಧ ಕೊಟ್ಟಿದ್ದ, ಇಳೀತದ ಅಂದಿದ್ದ. ಅವತ್ತು ನಿಮ್ಮಜ್ಜಂದು ಶ್ರಾದ್ಧ. ಬ್ರಾಹ್ಮಣರು ಬಂದು ಎಲಿ ಮುಂದ ಕೂತಾರ, ನಿಮ್ಮವ್ವ ಮಡಿಯೊಳಗ ಬಡಸಬೇಕು. ಈ ಹುಡುಗಿ ಎದ್ದು ಬಂದು ಅಡಗಿಮನಿ ಹೊಸ್ತಲದಾಗ ಕೂತು, ಅವ್ವಾ ಎತ್ಕೋ, ಅವ್ವಾ ಎತ್ಕೋ ಅಂತು. ನಿಮ್ಮವ್ವ ನನ್ನ ಮಾರಿ ನೋಡಿದ್ಲು. ಬಡಸೂದು ಆಗಲಿ, ಆಮ್ಯಾಲೆ ಎತ್ಕೊಳ್ಳಿಯಂತ ಅಂದೆ. ನಾನs ಅಂದೆ. ಹುಡುಗಿ ಅಲ್ಲೇ ಹೊಸ್ತಲಕ್ಕ ತಲಿ ಇಟ್ಟು ಮಲಗ್ತು. ನಿದ್ದಿ ಹತ್ತೇದ ಅಂದ್ಕೊಂಡ್ವಿ."

"ಆಮ್ಯಾಲೆ?"

"ಆಮ್ಯಾಲೆ ಏನ. ಎಲಿ ಎತ್ತೂದ್ರೊಳಗ ಮೈ ತಣ್ಣಗಾಗಿತ್ತು."

ಅಜ್ಜಿ ಮತ್ತೆ ಬತ್ತಿ ಕೈಗೆತ್ತಿಕೊಂಡಳು. ಹೊಸೆಯಲಾಗಲಿಲ್ಲ. ಬಾವಿಯ ಗಡಗಡಿ ಸದ್ದು ಮಾಡುತ್ತಲೇ ಇತ್ತು. ಅವ್ವ ಯಾವಾಗಲೂ ನನ್ನನ್ನು ಹೊಸ್ತಿಲ ಆ ಕಡೆ ಯಾಕೆ ಕೂರಿಸುತ್ತಿದ್ದಳು, ನಾನು ಓದುತ್ತ ಓದುತ್ತ ಒಂದು ಗಳಿಗೆ ಸುಮ್ಮನಾದರೂ, "ಪದ್ಮೀ, ಅದೀಯೇನs?" ಎಂದು ಯಾಕೆ ಗಾಬರಿಯಾಗುತ್ತಿದ್ದಳು ಎಂದು ಆಗ ತಿಳಿಯಿತು. ಎಲ್ಲಕ್ಕೂ ಅಡ್ಡಬರುವ ಅಜ್ಜಿ ಈ ಓದಿಗೆ ಮಾತ್ರ ಯಾಕೆ ಅಡ್ಡಬರಲಿಲ್ಲ ಎಂದೂ ತಿಳಿಯಿತು. ನನಗೊಬ್ಬ ಅಕ್ಕ ಇದ್ದಳು. ಅವಳ ಹೆಸರನ್ನು ಆ ಮನೆಯಲ್ಲಿ ನಾನು ಹುಟ್ಟಿದಂದಿನಿಂದ ಯಾರೂ ಆಡಿರಲಿಲ್ಲ.

ಅಲ್ಲಿಂದ ಮುಂದೆ ನನ್ನ ಕಾಯುವಿಕೆ ಅವ್ವನಿಗೆ ಹೋಯಿತು, ಅವಳ ಭಯ ನನಗೆ ಬಂತು. ಬೀದಿಯಲ್ಲಿ ಯಾವ ಸೈಕಲ್ಲಿನ ಗಂಟೆ ಕೇಳಿದರೂ ಅವ್ವ ಮಾಮಾ ಬಂದನೇನೋ ಎಂದು ಒಳಗಿಂದಲೇ ಕೇಳುತ್ತಿದ್ದಳು. ಬೀಸುವಾಗ, ಕುಟ್ಟುವಾಗ, "ಹೆಂಗ ಬರಬಹುದು? ಆ ಮಾತಾಡೋ ಕಲ್ಲು ಏನರೆ ಹೇಳಿಕೊಡ್ತದೇನೋ" ಎಂದು ತನಗೆ ತಾನೇ ದಾರಿ ಹುಡುಕುತ್ತಿದ್ದಳು. ನಾಟಕದಲ್ಲಿ ಎದ್ದುಬಂದವಳು ಪುಸ್ತಕದಲ್ಲಿ ಬಾರದಿರಲು ಅವಳ ಲೆಕ್ಕದಲ್ಲಿ ಕಾರಣವೇ ಇರಲಿಲ್ಲ. ಅವಳು ದಡ್ಡಿಯಲ್ಲ ಮಗಾ. ನೀವು ಮುಂದಿನ ಕಂತಿಗೆ ಕಾಯುವಾಗ ಏನೇನು ಊಹಿಸುತ್ತೀರೋ ಅಷ್ಟನ್ನೂ ಅವಳು ಊಹಿಸಿದ್ದಳು. ಅವಳು ಕಾಯುತ್ತಿದ್ದದ್ದು ಮಾತ್ರ ಬೇರೆ ಯಾರಿಗೋ.

ಮಾಮಾ ಒಂದು ಶನಿವಾರ ಸಂಜೆ ಕೊನೆಯ ಭಾಗ ತಂದುಕೊಟ್ಟು ಹೋದ. ಬೆಳಗ್ಗೆ ಓದಬೇಕೆಂದು ಅವ್ವ ಅದನ್ನು ನನ್ನ ಕೈಗೇ ಕೊಟ್ಟಳು, ತಾನು ಬಿಚ್ಚಿಯೂ ನೋಡಲಿಲ್ಲ. ನಾನು ಪಡಸಾಲೆಯ ಕಂಬದ ಹಿಂದೆ ನಿಂತು, ಬೆಳಕಿರುವಾಗಲೇ, ಕೊನೆಯ ಪುಟಗಳನ್ನು ತಿರುವಿ ನೋಡಿದೆ. ಅಜ್ಜಿಯ ಕಿವಿಗೆ ಹಾಳೆಯ ಸದ್ದು ಬಿತ್ತು.

"ಬಂದಾಳೇನ?"

"ಇಲ್ಲಜ್ಜಿ."

ಮಡಿಯಲ್ಲಿ ಒಂದು ತಪ್ಪನ್ನೂ ಸಹಿಸದ ಅಜ್ಜಿ ನನ್ನನ್ನು ಹತ್ತಿರ ಕರೆದು ಹೇಳಿದಳು:

"ಎದ್ದು ಬಂದ್ಲು ಅಂತ ಓದಿಬಿಡು."

"ಆಮ್ಯಾಲೆ ಅವ್ವ ತಾನs ಓದಿದ್ರ?"

"ಓದೂದಿಲ್ಲ. ಆಕಿಗೆ ಕೇಳೂದಷ್ಟs ಬೇಕಾಗ್ಯದ. ಎರಡ ಮಾತು ಹೆಚ್ಚಿಗಿ ಓದಿದ್ರ ಯಾ ದೇವರು ಸಿಟ್ಟಾಗೂದಿಲ್ಲ. ಸಿಟ್ಟಾದ್ರ ನನಗ ಬಂದು ಹೇಳ್ಲಿ."

ಮರುದಿನ ಭಾನುವಾರ. ಅಪ್ಪ ಮನೆಯಲ್ಲೇ ಇದ್ದ. ದೇವರಕೋಣೆಯಿಂದ ಅವನ ಮಂತ್ರ ಮೆಲ್ಲಗೆ ಕೇಳುತ್ತಿತ್ತು. ಅವ್ವ ಅಂದು ಎಂದಿಗಿಂತ ಮುಂಚೆ ಒಲೆ ಹೊತ್ತಿಸಿದ್ದಳು. ಶಾಲೆ ಇರಲಿಲ್ಲ, ಬೆಳಗಿನಿಂದ ಓದುತ್ತಲೇ ಇದ್ದೆ. ಧವಳ ಕಾಡಿಗೆ ರಾಣಿಯ ಕೋಟೆ ಹೊಕ್ಕ. ಅನ್ನ ಆಯಿತು. ರಾಣಿ ಕರಗಿ ಮಸಿಯಾಗಿ ಹರಿದಳು. ಪಲ್ಯ, ಹುಳಿ ಆದವು. ಅವ್ವ ಪಾಯಸವನ್ನೂ ಮಾಡಿದ್ದಳು. ಯಾವ ಹಬ್ಬವೂ ಅಲ್ಲ, ಯಾಕೆ ಪಾಯಸ ಎಂದು ಯಾರೂ ಕೇಳಲಿಲ್ಲ. ಕೊನೆಯ ಪುಟಕ್ಕೆ ಬಂದಾಗ ಅವಳು ಒಲೆಯಿಂದ ಪಾತ್ರೆ ಇಳಿಸಿ, ಕೈ ಕಟ್ಟಿಕೊಂಡು, ನನ್ನ ಕಡೆಗೇ ತಿರುಗಿ ನಿಂತಿದ್ದಳು. ಓದುವಾಗ ಅವಳು ನನ್ನ ಕಡೆ ತಿರುಗಿ ನಿಂತದ್ದು ಅದೇ ಮೊದಲು. ಅವಳ ಬೆನ್ನಿಗೆ ಓದುವುದು ನನಗೆ ಸುಲಭವಿತ್ತು.

ಅಜ್ಜಿ ಹೇಳಿದ ಎರಡು ಮಾತು ನಾಲಗೆಯ ತುದಿಗೆ ಬಂದವು. ಆದರೆ ಅಚ್ಚಾಗಿದ್ದದ್ದನ್ನು ಓದಲು ಮಾತ್ರ ನನಗೆ ಬಾಯಿ ಇತ್ತು. ನನ್ನದೇ ಒಂದು ವಾಕ್ಯ ಕಟ್ಟಿ ಹೇಳುವಷ್ಟು ಇರಲಿಲ್ಲ. ಹಾಳೆಯಲ್ಲಿ ಇದ್ದದ್ದು ಇಷ್ಟು: 'ಕರಿಹೊಳೆಯ ಆಚೆ ಸೂರ್ಯನು ಉದಯಿಸಿದನು. ಧವಳನು ಹೊಳೆಯನ್ನು ದಾಟಿ ತನ್ನ ನಾಡಿಗೆ ಹಿಂದಿರುಗಿದನು.' ಅದನ್ನು ಓದಿದೆ. ನಿಲ್ಲಿಸಿದೆ.

"ಮುಂದ ಓದು" ಎಂದಳು ಅವ್ವ.

"ಮುಗೀತವ್ವಾ."

"ಹಾಳಿ ಅಂಟಕೊಂಡಿರ್ತದ ನೋಡು. ಖಾರದ ಎಣ್ಣಿ ಹತ್ತಿ ಅಂಟಕೊಂಡಿರ್ತದ. ಉಗುರಲೆ ಬಿಡಸು."

ಉಗುರಿನಿಂದ ಬಿಡಿಸಿದೆ. ಅಂಟಿಕೊಂಡಿರಲಿಲ್ಲ. ಹಿಂದೆ ಖಾಲಿ ರಟ್ಟು. ಅದನ್ನು ಎತ್ತಿ ಅವಳಿಗೆ ತೋರಿಸಿದೆ. ಅವಳು ಆ ಖಾಲಿ ರಟ್ಟನ್ನು ಓದುವವಳಂತೆ ನೋಡಿದಳು.

"ಸೋನೆ?"

"ಬರಲಿಲ್ಲ."

ದೇವರಕೋಣೆಯಲ್ಲಿ ಗಂಟೆಯ ಸದ್ದಾಯಿತು. "ನೈವೇದ್ಯ ತರ್ತೀಯೇನು?" ಎಂದು ಅಪ್ಪ ಕೂಗಿದ. ಅವ್ವ ಅನ್ನದ ಪಾತ್ರೆಯ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ಒಂದು ಕಾಲನ್ನು ಹೊಸ್ತಿಲ ಈಚೆ ಇಟ್ಟಳು. ನಾನು ಹಿಂದಕ್ಕೆ ಸರಿದೆ. ಹಾಗೆ ಸರಿಯುವುದು ನನಗೆ ರೂಢಿಯಾಗಿತ್ತು. ಅವಳು ಬಿಡಲಿಲ್ಲ. ಮಡಿ ಸೀರೆಯಲ್ಲೇ ನೆಲಕ್ಕೆ ಕುಸಿದು, ನನ್ನನ್ನು ಎಳೆದು, ಎತ್ತಿ ಮಡಿಲಿಗೆ ಹಾಕಿಕೊಂಡಳು. ನಾನು ಎತ್ತಿಕೊಳ್ಳುವ ವಯಸ್ಸು ದಾಟಿದ್ದೆ, ಕಾಲುಗಳು ಹೊರಗೆ ಚಾಚಿದವು. ಅವಳ ಮೈ ಒಲೆಯ ಹಾಗೆ ಬಿಸಿಯಾಗಿತ್ತು. ಪುಸ್ತಕ ನಮ್ಮಿಬ್ಬರ ನಡುವೆ ಮಡಚಿಹೋಯಿತು.

"ನೈವೇದ್ಯಾ..." ಎಂದು ಅಪ್ಪ ಮತ್ತೆ ಕೂಗಿದ.

ನಡುಮನೆಯಿಂದ ಅಜ್ಜಿ ಎದ್ದಳು. ಗೋಡೆ ಹಿಡಿದು ಬಂದು ನಮ್ಮ ಹತ್ತಿರ ನಿಂತಳು. ಕಾಣದಿದ್ದರೂ ಆಕೆಗೆ ಎಲ್ಲ ಗೊತ್ತಾಗಿತ್ತು. ನಾನು ಕಣ್ಣು ಮುಚ್ಚಿಕೊಂಡೆ, ಈಗ ಕೂಗುತ್ತಾಳೆಂದು.

"ತಡಿಯೋ" ಎಂದಳು ಅಜ್ಜಿ ದೇವರಕೋಣೆಯ ಕಡೆಗೆ. "ಅಡಗಿ ಮತ್ತ ಮಾಡಿದ್ರಾತು."

ಆ ಮಾತು ಕೇಳಿದ ಮೇಲೆಯೇ ಅವ್ವ ದನಿ ತೆಗೆದು ಅತ್ತದ್ದು. ಅವಳ ಅಷ್ಟು ವರ್ಷದ ಅಳುವೆಲ್ಲ ನನ್ನ ಕೂದಲೊಳಗೆ ಬಿತ್ತು. ನನ್ನ ತಲೆಯನ್ನು ಎದೆಗೆ ಒತ್ತಿಕೊಂಡು ಅವಳು ಒಂದು ಹೆಸರು ಕರೆದಳು.

"ಸುಧೀ."

ಅಜ್ಜಿ ಹೊಸ್ತಿಲ ಮೇಲೆ ಕೈಯಿಟ್ಟು ಮೆಲ್ಲಗೆ ಕೂತಳು. ಅವ್ವ ಮತ್ತೆ ಕರೆದಳು. ಕರೆದವಳು ಉತ್ತರಕ್ಕೆ ಕಾಯುತ್ತಿದ್ದಳು. ಅವಳ ಎದೆಯ ಬಡಿತ ನನ್ನ ಕೆನ್ನೆಗೆ ತಾಗುತ್ತಿತ್ತು.

ನಾನು "ಹೂಂ ಅವ್ವಾ" ಎಂದೆ.